ಛಾಯಾ ಮಾತ್ರೆ: ಔಷಧ ಚೆನ್ನಾಗಿದೆ, ಹೇಳಿಕೊಡುವುದು ಸಾಲದು

ಛಾಯಾ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುವ ಗರ್ಭನಿರೋಧಕ ಮಾತ್ರೆ. ಒಂದು ಪಟ್ಟಿಯಲ್ಲಿ ಎಂಟು ಮಾತ್ರೆ, ಒಂದೊಂದರಲ್ಲೂ 30 ಮಿಲಿಗ್ರಾಂ ಸೆಂಟ್‌ಕ್ರೋಮನ್. ಇದೇ ಔಷಧಕ್ಕೆ ಓರ್ಮೆಲಾಕ್ಸಿಫೀನ್ ಎಂಬ ಇನ್ನೊಂದು ಹೆಸರೂ ಇದೆ. ಮೆಡಿಕಲ್ ಶಾಪಿನಲ್ಲಿ ಕೊಳ್ಳುವುದಾದರೆ ಸಹೇಲಿ ಎಂದು ಕೇಳಬೇಕು, ಒಳಗಿರುವುದು ಅದೇ. ದಿನಾ ನುಂಗುವ ಕೆಲಸವಿಲ್ಲ, ಹಾರ್ಮೋನ್ ಇಲ್ಲ, ಸೂಜಿ ಇಲ್ಲ, ವಂಕಿಯ (ಕಾಪರ್-ಟಿ) ಹಾಗೆ ಗರ್ಭಕೋಶದೊಳಗೆ ಏನನ್ನೂ ಇಡಿಸಿಕೊಳ್ಳಬೇಕಾಗಿಲ್ಲ. ಸರಿಯಾಗಿ ತೆಗೆದುಕೊಂಡರೆ ವರ್ಷಕ್ಕೆ ನೂರು ಹೆಂಗಸರಲ್ಲಿ ಒಬ್ಬಿಬ್ಬರಿಗಷ್ಟೇ ಗರ್ಭ ನಿಲ್ಲುತ್ತದೆ. ಔಷಧಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಅದನ್ನು ಹೆಂಗಸರ ಕೈಗೆ ಮುಟ್ಟಿಸುವ ರೀತಿಗೆ ಎರಡು ಕೊಟ್ಟರೇ ಹೆಚ್ಚು. ಕೆಳಗಿನ ಬರಹದ ಬಹುಪಾಲು ಆ ಕಳೆದುಹೋದ ಅಂಕಗಳ ಬಗ್ಗೆಯೇ ಇದೆ, ಯಾಕೆಂದರೆ ಛಾಯಾ ತೆಗೆದುಕೊಂಡೂ ಬಸಿರಾದವರಲ್ಲಿ ಎಷ್ಟೋ ಜನಕ್ಕೆ ದಿನಗಳ ಲೆಕ್ಕವನ್ನು ಯಾರೂ ಕೂತು ಹೇಳಿಕೊಟ್ಟಿರುವುದಿಲ್ಲ.

ಮೊದಲು ಇದು ಕೆಲಸ ಮಾಡುವ ಬಗೆ ತಿಳಿಯಬೇಕು. ಅದು ಗೊತ್ತಾದರೆ ದಿನಗಳ ಲೆಕ್ಕ ಯಾಕೆ ಹಾಗಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಮಾಲಾ-ಎನ್‌ನಂಥ ದಿನದ ಮಾತ್ರೆಗಳು ಅಂಡಾಶಯದಿಂದ ಅಂಡ ಹೊರಬರುವುದನ್ನೇ ತಡೆಯುತ್ತವೆ. ಛಾಯಾ ಅದರ ತಂಟೆಗೆ ಹೋಗುವುದಿಲ್ಲ. ತಿಂಗಳಿಗೊಮ್ಮೆ ಅಂಡ ಹೊರಬರುತ್ತದೆ, ಮುಟ್ಟೂ ಬರುತ್ತದೆ. ಗರ್ಭಕೋಶದ ಒಳಪದರದಲ್ಲಿ ಈಸ್ಟ್ರೋಜನ್ ಹಾರ್ಮೋನ್ ಹೋಗಿ ಕೂರುವ ಜಾಗಗಳಿವೆಯಲ್ಲ, ಅಲ್ಲಿ ಈ ಔಷಧ ಹೋಗಿ ಕೂತುಬಿಡುತ್ತದೆ. ಹಾಗಾಗಿ ಒಳಪದರ ಭ್ರೂಣವನ್ನು ಹಿಡಿದಿಟ್ಟುಕೊಳ್ಳುವಷ್ಟು ಹದವಾಗಿ ಬೆಳೆಯುವುದಿಲ್ಲ. ಜೊತೆಗೆ, ಫಲಿತಗೊಂಡ ಅಂಡವೇನಾದರೂ ಇದ್ದರೆ ಅದು ನಾಳದಲ್ಲಿ ಮಾಮೂಲಿಗಿಂತ ಬೇಗ ಇಳಿದು ಬರುತ್ತದೆ. ಅದು ಬರುವ ಹೊತ್ತಿಗೆ ಗರ್ಭಕೋಶ ತಯಾರಿರುವುದಿಲ್ಲ, ಅಂಟಿಕೊಳ್ಳಲು ಆಗುವುದಿಲ್ಲ.

ಇನ್ನೊಂದು ಗುಣ ಇದಕ್ಕಿಂತ ಮುಖ್ಯ. ನುಂಗಿದ ಔಷಧದ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ. ವಾರಕ್ಕೊಂದು ಮಾತ್ರೆ ಸಾಕಾಗುವುದು ಇದರಿಂದಲೇ. ಆದರೆ ಮೊದಲ ದಿನ ಮೈಯಲ್ಲಿ ಔಷಧ ಶೂನ್ಯ. ವಾರಕ್ಕೊಂದರಂತೆಯೇ ಶುರು ಮಾಡಿದರೆ ಬೇಕಾದ ಮಟ್ಟ ತಲುಪುವುದು ನಿಧಾನವಾಗುತ್ತದೆ, ಆ ನಡುವಿನ ವಾರಗಳಲ್ಲಿ ಗರ್ಭ ನಿಲ್ಲುವ ಅಪಾಯ ಜಾಸ್ತಿ. ಅದಕ್ಕೇ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ನಾಲ್ಕನೇ ತಿಂಗಳಿಂದ ವಾರಕ್ಕೆ ಒಂದು.

ಈಗ ಲೆಕ್ಕ. ಮುಟ್ಟಾದ ಮೊದಲನೇ ದಿನವೇ ಮೊದಲ ಮಾತ್ರೆ. ಅದು ಯಾವ ವಾರವಾಗಿತ್ತೋ ಅದೇ ಇನ್ನು ಮುಂದೆ ಖಾಯಂ ದಿನ. ಎರಡನೇ ಮಾತ್ರೆ ಅಲ್ಲಿಂದ ಮೂರು ದಿನ ಬಿಟ್ಟು. ಭಾನುವಾರ ಶುರುವಾದರೆ ಎರಡನೆಯದು ಬುಧವಾರ. ಸೋಮವಾರಕ್ಕೆ ಗುರುವಾರ, ಮಂಗಳವಾರಕ್ಕೆ ಶುಕ್ರವಾರ, ಬುಧವಾರಕ್ಕೆ ಶನಿವಾರ, ಗುರುವಾರಕ್ಕೆ ಭಾನುವಾರ, ಶುಕ್ರವಾರಕ್ಕೆ ಸೋಮವಾರ, ಶನಿವಾರಕ್ಕೆ ಮಂಗಳವಾರ. ಈ ಜೋಡಿ ಮೂರು ತಿಂಗಳು ಬದಲಾಗಬಾರದು. ಆಮೇಲೆ ಎರಡನೇ ದಿನವನ್ನು ಕೈಬಿಟ್ಟು ಮೊದಲ ದಿನವನ್ನು ಮಾತ್ರ ಇಟ್ಟುಕೊಳ್ಳಬೇಕು. ಸೋಮವಾರ–ಗುರುವಾರ ತೆಗೆದುಕೊಳ್ಳುತ್ತಿದ್ದವರಿಗೆ ನಾಲ್ಕನೇ ತಿಂಗಳಿಂದ ಸೋಮವಾರ ಮಾತ್ರ. ಬೆಳಿಗ್ಗೆಯೋ ರಾತ್ರಿಯೋ ಎಂಬುದು ದೊಡ್ಡ ಮಾತಲ್ಲ, ದಿನ ತಪ್ಪಬಾರದು.

ಎರಡನ್ನೂ ಒಟ್ಟಿಗೆ ನುಂಗಿ ವಾರದ ಲೆಕ್ಕ ಮುಗಿಸುವವರೂ ಇದ್ದಾರೆ. ಹಾಗೆ ಮಾಡಬಾರದು. ಔಷಧದ ಮಟ್ಟ ವಾರವಿಡೀ ಒಂದೇ ಸಮ ಇರಲೆಂದೇ ಆ ಮೂರು ದಿನಗಳ ಅಂತರ ಇಟ್ಟಿರುವುದು.

ಪಟ್ಟಿಗಳ ಲೆಕ್ಕವನ್ನೂ ಮೊದಲೇ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಶುರುವಿನ ಮೂರು ತಿಂಗಳಲ್ಲಿ ಒಂದು ಪಟ್ಟಿ ನಾಲ್ಕೇ ವಾರಕ್ಕೆ ಮುಗಿಯುತ್ತದೆ. ಆ ಅವಧಿಗೆ ಒಟ್ಟು 24ರಿಂದ 26 ಮಾತ್ರೆ ಬೇಕು, ಎಂದರೆ ಮೂರು ಪಟ್ಟಿ ಖಾಲಿಯಾಗಿ ನಾಲ್ಕನೆಯದು ಒಡೆಯುವ ಹೊತ್ತು. ಆಮೇಲೆ ಒಂದು ಪಟ್ಟಿ ಎಂಟು ವಾರ ಬರುತ್ತದೆ. ಮೊದಲ ವರ್ಷಕ್ಕೆ ಸುಮಾರು ಎಂಟು ಪಟ್ಟಿ. ಹೊಸದಾಗಿ ಶುರು ಮಾಡುವವರ ಕೈಗೆ ಒಂದೇ ಪಟ್ಟಿ ಕೊಟ್ಟು "ಮುಗಿದ ಮೇಲೆ ಬಾಮ್ಮ" ಎಂದು ಕಳಿಸಿದರೆ ಐದನೇ ವಾರಕ್ಕೇ ಕೈ ಖಾಲಿ. ಉಪಕೇಂದ್ರದಲ್ಲಿ ಅಂದು ದಾಸ್ತಾನಿಲ್ಲ, ನರ್ಸಮ್ಮ ಮೀಟಿಂಗಿಗೆ ಹೋಗಿದ್ದಾರೆ, ಆಶಾ ಕಾರ್ಯಕರ್ತೆ ಊರಲ್ಲಿಲ್ಲ ಎಂದಾದರೆ ಬಹಳ ಮುಖ್ಯವಾದ ಲೋಡಿಂಗ್ ಅವಧಿಯ, ಎಂದರೆ ವಾರಕ್ಕೆರಡು ಮಾತ್ರೆಯ ಆ ಮೂರು ತಿಂಗಳ, ಮಧ್ಯದಲ್ಲೇ ಮಾತ್ರೆ ನಿಲ್ಲುತ್ತದೆ. ಶುರುವಿಗೇ ಕನಿಷ್ಠ ಮೂರು ಪಟ್ಟಿ ಕೇಳಿ ಪಡೆಯಿರಿ. ಕೊಡುವ ಕಡೆಯವರೂ ಇದನ್ನು ನಿಯಮ ಮಾಡಿಕೊಳ್ಳಬೇಕು.

ತಪ್ಪುಗಳಲ್ಲಿ ತೀರಾ ಸಾಮಾನ್ಯವಾದದ್ದು ಇನ್ನೊಂದಿದೆ. ಮಾಲಾ-ಎನ್ ಪಟ್ಟಿಯಲ್ಲಿ 21 ಹಾರ್ಮೋನ್ ಮಾತ್ರೆ, ಆಮೇಲೆ ಏಳು ಕಬ್ಬಿಣದ ಮಾತ್ರೆ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವ ವಾರದಲ್ಲಿ ಮುಟ್ಟು ಬರುತ್ತದೆ, ಅದು ಮುಗಿದಂತೆ ಹೊಸ ಪಟ್ಟಿ. ಆ ಅಭ್ಯಾಸವಿರುವವರು ಛಾಯಾವನ್ನೂ ಮುಟ್ಟಿಗೆ ಕಟ್ಟಿಹಾಕುತ್ತಾರೆ. ಮುಟ್ಟಾದಾಗ ನಿಲ್ಲಿಸುವುದು, ಇಲ್ಲವೇ ಪ್ರತಿ ಮುಟ್ಟಿನ ಮೊದಲ ದಿನಕ್ಕೆ ಮಾತ್ರೆಯ ದಿನವನ್ನು ಬದಲಾಯಿಸುವುದು. ಛಾಯಾಕ್ಕೂ ಮುಟ್ಟಿಗೂ ಸಂಬಂಧ ಮೊದಲನೇ ಮಾತ್ರೆಯ ದಿನ ಮಾತ್ರ. ಅಲ್ಲಿಂದಾಚೆಗೆ ಮುಟ್ಟು ಬೇಗ ಬರಲಿ, ತಡವಾಗಲಿ, ಮಧ್ಯೆ ಬರಲಿ, ಸೋಮವಾರದ ಮಾತ್ರೆ ಸೋಮವಾರವೇ.

ಮೆಡಿಕಲ್ ಶಾಪಿನಲ್ಲಿ ಕೊಳ್ಳುವವರು ಮಿಲಿಗ್ರಾಂ ನೋಡಲೇಬೇಕು. ಇದೇ ಓರ್ಮೆಲಾಕ್ಸಿಫೀನ್ ಅನ್ನು ವಿಪರೀತ ರಕ್ತಸ್ರಾವದ ಚಿಕಿತ್ಸೆಗೂ ಬರೆದುಕೊಡುತ್ತಾರೆ, ಆ ಮಾತ್ರೆ 60 ಮಿಲಿಗ್ರಾಂನದು. ಗರ್ಭನಿರೋಧಕ್ಕೆ ಬೇಕಿರುವುದು 30. ಹಾಗೆಯೇ, ಸಂಭೋಗವಾದ ಮೇಲೆ ಗಾಬರಿಯಿಂದ ಛಾಯಾ ನುಂಗುವುದರಿಂದ ಉಪಯೋಗವಿಲ್ಲ. ಅದಕ್ಕೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ತುರ್ತು ಮಾತ್ರೆ ಬೇರೆಯೇ ಇದೆ. ಅದನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ತೆಗೆದುಕೊಳ್ಳಬೇಕು. ಅದೂ ಸರ್ಕಾರಿ ಕೇಂದ್ರಗಳಲ್ಲಿ ಸಿಗುತ್ತದೆ.

ಮರೆತರೆ ಏನು ಮಾಡಬೇಕು? ನೆನಪಾದ ಕೂಡಲೇ ಆ ಮಾತ್ರೆ ನುಂಗಿ. ತಡವಾದದ್ದು ಏಳು ದಿನದೊಳಗಾದರೆ ಹಳೆಯ ದಿನಗಳ ಪ್ರಕಾರವೇ ಮುಂದುವರಿಸಿ, ಆದರೆ ಮುಂದಿನ ಮುಟ್ಟು ಬರುವವರೆಗೂ ಜೊತೆಗೆ ನಿರೋಧ್ (ಕಾಂಡೋಮ್) ಬಳಸಿ. ಏಳು ದಿನ ದಾಟಿದರೆ ಹೊಸಬರ ಲೆಕ್ಕ: ಮತ್ತೆ ಮೂರು ತಿಂಗಳು ವಾರಕ್ಕೆರಡು, ಆಮೇಲೆ ಒಂದು. ಎರಡನೇ ವರ್ಷದಲ್ಲಿದ್ದೇನೆ, ಒಂದು ವಾರ ಮರೆತರೆ ಏನಾದೀತು ಎಂದುಕೊಳ್ಳುವವರಿಗೂ ಇದೇ ನಿಯಮ. ಹಬ್ಬಕ್ಕೆ ತವರಿಗೆ ಹೋಗುವಾಗ ಪಟ್ಟಿ ಗಂಡನ ಮನೆಯ ಬೀರುವಿನಲ್ಲೇ ಉಳಿಯುವುದು ಮರೆವಿನ ದೊಡ್ಡ ದಾರಿ. ಬ್ಯಾಗಿನಲ್ಲೊಂದು ಬೇರೆ ಪಟ್ಟಿ ಇಟ್ಟುಬಿಡುವುದು ಸುಲಭದ ಪರಿಹಾರ.

ಸಿಬ್ಬಂದಿಗೆ ಒಂದು ಪುಟ್ಟ ಕೆಲಸ ಹೇಳುತ್ತೇವೆ, ಅರ್ಧ ನಿಮಿಷ ಸಾಕು. ಪಟ್ಟಿ ಕೊಡುವ ಮುಂಚೆ ಅದರ ಹಿಂಬದಿಗೆ ಮಾರ್ಕರ್ ಪೆನ್ನಿನಲ್ಲಿ ಆಕೆಯ ಎರಡು ದಿನಗಳನ್ನು ಬರೆಯಿರಿ: "ಸೋಮ – ಗುರು". ಅದರ ಕೆಳಗೆ ಲೋಡಿಂಗ್ ಮುಗಿಯುವ ತಾರೀಖು, ಅಲ್ಲಿಂದ ಮುಂದಕ್ಕೆ "ಸೋಮ ಮಾತ್ರ". ಆಕೆಗೆ ಓದಲು ಬಾರದಿದ್ದರೆ ಸಂತೆಯ ದಿನಕ್ಕೋ ದೇವರ ವಾರಕ್ಕೋ ಹೊಂದಿಸಿ ಹೇಳಿ. ಹಳ್ಳಿಯಲ್ಲಿ ವಾರಗಳ ನೆನಪು ತಾರೀಖಿನ ನೆನಪಿಗಿಂತ ಗಟ್ಟಿ. ಫೋನ್ ಇದ್ದರೆ ಅಲಾರಂ ಅಲ್ಲೇ ಇಟ್ಟುಕೊಡಿ. ಅಂತರಾ ಎಂಬ ಗರ್ಭನಿರೋಧಕ ಚುಚ್ಚುಮದ್ದು ಪಡೆದವರಿಗೆ ಮುಂದಿನ ತಾರೀಖು ಬರೆದ ಕಾರ್ಡ್ ಸಿಗುತ್ತದೆ. ಛಾಯಾ ಪಡೆದವರಿಗೂ ಅಷ್ಟು ಮರ್ಯಾದೆ ಸಲ್ಲಬೇಕು.

ಇನ್ನು ಮಾತ್ರೆ ಬಿಟ್ಟುಬಿಡಲು ಮುಖ್ಯ ಕಾರಣ. ಮುಟ್ಟು ತಡವಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ನೂರರಲ್ಲಿ ಸುಮಾರು ಎಂಟು ಜನಕ್ಕೆ, ಅದೂ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಕೆಲವರಿಗೆ ಸ್ರಾವ ಕಡಿಮೆಯಾಗುತ್ತದೆ, ಮುಟ್ಟುಗಳ ನಡುವಿನ ಅಂತರ ಹಿಗ್ಗುತ್ತದೆ. ಮೈ ಹೊಂದಿಕೊಂಡ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳಿದ್ದರೆ ಹೆಂಗಸು ಹೆದರುವುದಿಲ್ಲ. ಹೇಳದಿದ್ದರೆ? ಗರ್ಭ ತಡೆಯಲೆಂದು ಮಾತ್ರೆ ತೆಗೆದುಕೊಂಡವಳಿಗೆ ತಿಂಗಳು ನಿಂತರೆ ಮೊದಲು ಹೊಳೆಯುವುದೇ ಗರ್ಭ. ಆಕೆ ಮಾತ್ರೆ ಎಸೆಯುತ್ತಾಳೆ, ನಿಜವಾಗಿ ಬಸಿರಾಗುವುದು ಆಗ. ನಿಯಮ ಸರಳವಾಗಿದೆ. ಮಾತ್ರೆ ನಿಲ್ಲಿಸಬೇಡಿ. ನಿರೀಕ್ಷಿಸಿದ ದಿನದಿಂದ 15 ದಿನ ದಾಟಿದರೂ ಮುಟ್ಟಾಗದಿದ್ದರೆ ಗರ್ಭ ಪರೀಕ್ಷೆಯ ಕಾರ್ಡ್ ಟೆಸ್ಟ್ ಮಾಡಿಸಿ. ಆಶಾ ಕಾರ್ಯಕರ್ತೆಯರ ಬಳಿ ನಿಶ್ಚಯ್ ಕಿಟ್ ಇರುತ್ತದೆ. ಒಂದೇ ಗೆರೆ ಬಂದರೆ ಮಾತ್ರೆ ಮುಂದುವರಿಸಿ. ಎರಡು ಗೆರೆ ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಮಾತ್ರೆ ಮರೆತವರು ಹದಿನೈದು ದಿನ ಕಾಯಬೇಕಾಗಿಲ್ಲ, ಅನುಮಾನ ಬಂದಾಗಲೇ ಪರೀಕ್ಷಿಸಿಕೊಳ್ಳಿ.

ಯಾರಿಗೆ ಇದು ಬೇಡ ಎಂಬ ಪಟ್ಟಿ ಚಿಕ್ಕದು, ಆದರೆ ಕೇಳದೆ ಬಿಡುವಂಥದ್ದಲ್ಲ. ಪಿಸಿಒಎಸ್ (ಅಂಡಾಶಯದ ತೊಂದರೆ, ಮುಟ್ಟು ಏರುಪೇರಾಗುತ್ತದೆ) ಇರುವವರು, ಗರ್ಭಕೋಶದ ಕಂಠದಲ್ಲಿ ಅಸಹಜ ಬೆಳವಣಿಗೆ ಇರುವವರು, ಇತ್ತೀಚೆಗೆ ಕಾಮಾಲೆ ಆದವರು ಅಥವಾ ಪಿತ್ತಕೋಶ–ಯಕೃತ್ತಿನ ಕಾಯಿಲೆಯವರು, ಕ್ಷಯ ಅಥವಾ ಕಿಡ್ನಿ ಕಾಯಿಲೆ ಇರುವವರು, ತೀವ್ರ ಅಲರ್ಜಿಯವರು. ಪಿಸಿಒಎಸ್ ಈಗ ಹುಡುಗಿಯರಲ್ಲಿ ಬಹಳ ಕಾಣುತ್ತಿದೆ, ಆದ್ದರಿಂದ "ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತದಾ?" ಎಂಬ ಒಂದು ಪ್ರಶ್ನೆ ಕೇಳದೆ ಪಟ್ಟಿ ಕೊಡಬಾರದು. ಇತ್ತ, ಹಾಲೂಡಿಸುವ ತಾಯಂದಿರಿಗೂ ಕೊಡಬಹುದೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಈಸ್ಟ್ರೋಜನ್ ಇರುವ ಮಾಲಾ-ಎನ್ ಅನ್ನು ಎಳೆ ಬಾಣಂತಿಗೆ ಕೊಡುವಂತಿಲ್ಲ, ಮೊದಲ ಆರು ತಿಂಗಳು ಹಾಲೂಡಿಸುವವರು ಅದರಿಂದ ದೂರವಿರಬೇಕು. ಅಲ್ಲಿ ಛಾಯಾದ ಬೆಲೆ ಗೊತ್ತಾಗುತ್ತದೆ. ಆದರೆ ಎಚ್‌ಐವಿ ಮತ್ತು ಲೈಂಗಿಕ ಸೋಂಕುಗಳನ್ನು ತಡೆಯಲು ಇದರಿಂದ ಆಗದು. ಅದಕ್ಕೆ ನಿರೋಧ್ ಒಂದೇ.

ಬೇರೆಯವುಗಳ ಜೊತೆ ಹೋಲಿಸಿದರೆ? ಮಾಲಾ-ಎನ್‌ನಲ್ಲಿ ಮುಟ್ಟು ಗಡಿಯಾರದಂತೆ ಬರುತ್ತದೆ, ಆದರೆ ಕೆಲವರಿಗೆ ವಾಕರಿಕೆ, ತಲೆನೋವು. ಬಿ.ಪಿ. ಇದ್ದವರಿಗೆ, 35 ದಾಟಿ ಧೂಮಪಾನ ಮಾಡುವವರಿಗೆ ಅದು ಹೊಂದುವುದಿಲ್ಲ. ದಿನಾ ನೆನಪಿಡಬೇಕಾದ ಕಷ್ಟ ಬೇರೆ. ಅಂತರಾ ಎಂದರೆ ಮೂರು ತಿಂಗಳಿಗೊಮ್ಮೆ 150 ಮಿಲಿಗ್ರಾಂ ಚುಚ್ಚುಮದ್ದು. ಗುಟ್ಟಾಗಿರುತ್ತದೆ, ಮನೆಯಲ್ಲಿ ಪಟ್ಟಿ ಬಚ್ಚಿಡಬೇಕಾಗಿಲ್ಲ. ಆದರೆ ಒಮ್ಮೆ ಚುಚ್ಚಿದ್ದನ್ನು ಹೊರತೆಗೆಯಲು ಬಾರದು, ಸ್ರಾವ ಅಡ್ಡಾದಿಡ್ಡಿಯಾಗಬಹುದು, ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ವಂಕಿಯಲ್ಲಿ, ಎಂದರೆ ಕಾಪರ್-ಟಿ 380ಎಯಲ್ಲಿ, ಹತ್ತು ವರ್ಷ ಚಿಂತೆಯಿಲ್ಲ. ದಿನ ನೆನಪಿಡಲು ಆಗುವುದೇ ಇಲ್ಲ ಎನ್ನುವವರಿಗೆ ನಾವು ಅದನ್ನೇ ಹೇಳುತ್ತೇವೆ, ಛಾಯಾವನ್ನಲ್ಲ.

ಈ ಮಾತ್ರೆ ಹುಟ್ಟಿದ್ದು ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ. ಡಾ. ನಿತ್ಯಾನಂದ್ ಅವರ ತಂಡ ಇದನ್ನು ರೂಪಿಸಿತು. ಪ್ರಾಣಿಗಳ ಮೇಲೆ, ಆಮೇಲೆ ಹೆಂಗಸರ ಮೇಲೆ ಪರೀಕ್ಷೆ ನಡೆದು 1991ರಲ್ಲಿ ಹಿಂದೂಸ್ತಾನ್ ಲೇಟೆಕ್ಸ್ ಕಂಪನಿ ಸಹೇಲಿ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಹೊರದೇಶದಲ್ಲಿ ಕಂಡುಹಿಡಿದ ಹಾರ್ಮೋನ್ ಮಾತ್ರೆಗಳನ್ನು ತಂದು ಹಂಚುತ್ತಿದ್ದ ದೇಶದಲ್ಲಿ ತನ್ನದೇ ಆದ, ಹಾರ್ಮೋನ್ ಇಲ್ಲದ ಮಾತ್ರೆಯೊಂದು ಸಿದ್ಧವಾಗಿತ್ತು. ಆದರೂ ಸರ್ಕಾರಿ ಕೇಂದ್ರಗಳಲ್ಲಿ ಛಾಯಾ ಹೆಸರಲ್ಲಿ ಪುಕ್ಕಟೆ ಹಂಚುವ ತೀರ್ಮಾನ ಬಂದದ್ದು 2016ರಲ್ಲಿ. ಕಾಲು ಶತಮಾನ ಕಾಯಿಸಿದ್ದು ನಮ್ಮ ಪ್ರಕಾರ ದೊಡ್ಡ ಅನ್ಯಾಯ. ಅಷ್ಟೂ ವರ್ಷ ಹಳ್ಳಿಯ ಹೆಂಗಸಿನ ಮುಂದೆ ಹೆಚ್ಚಾಗಿ ಇಟ್ಟಿದ್ದು ಆಪರೇಷನ್ನಿನ ದಾರಿಯನ್ನೇ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಹಳೆಯ ನಂಟಿದೆ. 1921ರಲ್ಲಿ ರಘುನಾಥ ಧೋಂಡೋ ಕರ್ವೆ ಬೊಂಬಾಯಿಯಲ್ಲಿ ಸಂತಾನ ನಿಯಂತ್ರಣದ ಸ್ವಂತ ಕ್ಲಿನಿಕ್ ತೆರೆದಿದ್ದರು, ಅದರ ಫಲವಾಗಿ ಕಾಲೇಜಿನ ಗಣಿತದ ಕೆಲಸ ಕಳೆದುಕೊಂಡರು. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, 1930ರ ಜೂನ್‌ನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳಿಗೆ ಆದೇಶ ಹೊರಡಿಸಿತು. ಸರ್ಕಾರವೊಂದು ತಾನೇ ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲಿ ಅದೇ ಮೊದಲು ಎಂದು ಚರಿತ್ರೆ ಬರೆಯುವವರು ಗುರುತಿಸುತ್ತಾರೆ.

ಅದರ ನಂತರದ ಅಧ್ಯಾಯ ಛಾಯಾ ಕೊಡುವ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧಿ ಅನುಯಾಯಿ, ಕೃತಕ ಸಾಧನಗಳು ಅವರಿಗೆ ಸಮ್ಮತವಿರಲಿಲ್ಲ. ಸುರಕ್ಷಿತ ದಿನಗಳನ್ನು ಲೆಕ್ಕ ಹಾಕಿ ಗಂಡಹೆಂಡತಿ ದೂರವಿರುವ ವಿಧಾನವನ್ನು ಪರೀಕ್ಷಿಸಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿದರು. ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದರು. 1950ರ ದಶಕದ ಆರಂಭದಲ್ಲಿ ಆ ಪ್ರಯೋಗಕ್ಕೆ ಆಯ್ದುಕೊಂಡ ಜಾಗಗಳಲ್ಲಿ ಒಂದು ದೆಹಲಿಯ ಲೋದಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು, ಮಣಿಯ ಬಣ್ಣ ನೋಡಿ ಇವತ್ತು ಕೂಡಬಹುದೋ ಬೇಡವೋ ತಿಳಿಯಬೇಕು. ಅದು ಕೈಹಿಡಿಯಲಿಲ್ಲ. ಮಣಿ ಸರಿಸಲು ಮರೆತರೆ ಇಡೀ ತಿಂಗಳ ಲೆಕ್ಕ ತಪ್ಪುತ್ತದೆ, ಎಲ್ಲ ಹೆಂಗಸರ ಚಕ್ರವೂ ಸರದ ಉದ್ದಕ್ಕೆ ಸರಿಯಾಗಿ ಇರುವುದಿಲ್ಲ, ಬೇಡವೆಂದ ದಿನ ಗಂಡ ಕೇಳಬೇಕಲ್ಲ. ರಾಮನಗರದ ಹೆಂಗಸರು ದಡ್ಡರಾಗಿದ್ದರು ಎಂಬಂತೆ ಈ ಕಥೆಯನ್ನು ಹೇಳುವವರಿದ್ದಾರೆ, ಅದು ನಮಗೆ ಒಪ್ಪಿಗೆಯಿಲ್ಲ. ಸಾಧನವೊಂದು ದಿನದ ಲೆಕ್ಕದ ಮೇಲೆ ನಿಂತಿದ್ದರೆ ಆ ಲೆಕ್ಕವನ್ನು ಬಳಸುವವರ ಬದುಕಿಗೆ ಹೊಂದಿಸಿ ಕೊಡುವುದು ಕೊಡುವವರ ಜವಾಬ್ದಾರಿ. ಛಾಯಾದಲ್ಲಿ ಮರೆತದ್ದನ್ನು ಏಳು ದಿನದೊಳಗೆ ಸರಿಪಡಿಸಿಕೊಳ್ಳುವ ದಾರಿಯಿದೆ, ಗಂಡನ ಒಪ್ಪಿಗೆ ಬೇಕಿಲ್ಲ, ಚಕ್ರ ಎಷ್ಟು ದಿನದ್ದು ಎಂಬುದು ಮುಖ್ಯವಲ್ಲ. ಮಣಿಸರಕ್ಕಿಂತ ಎಷ್ಟೋ ಉತ್ತಮ ಸಾಧನ. ಹೇಳಿಕೊಡುವ ವಿಚಾರದಲ್ಲಿ ಮಾತ್ರ ನಾವು ಆಗ ಇದ್ದಲ್ಲಿಂದ ಬಹಳ ಮುಂದೆ ಬಂದಿಲ್ಲ.

ನೈತಿಕ ತಕರಾರುಗಳು ಹಲವು ಕಡೆಯಿಂದ ಬಂದಿವೆ. 1935ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಸಂತಾನ ನಿಯಂತ್ರಣಕ್ಕಾಗಿ ಹೋರಾಡುತ್ತಿದ್ದ ಮಾರ್ಗರೆಟ್ ಸ್ಯಾಂಗರ್ ವಾರ್ಧಾಕ್ಕೆ ಬಂದು ಗಾಂಧೀಜಿಯ ಜೊತೆ ವಾದ ಮಾಡಿದರು. ಸಂತಾನ ಮಿತಗೊಳ್ಳಬೇಕೆಂಬುದು ಗಾಂಧೀಜಿಗೂ ಒಪ್ಪಿಗೆಯೇ ಇತ್ತು, ದಾರಿ ಮಾತ್ರ ಸಂಯಮ, ಸಾಧನವಲ್ಲ ಎಂಬುದು ಅವರ ನಿಲುವು. ಹೆಂಡತಿ ಬೇಡವೆನ್ನಲು ಕಲಿಯಬೇಕು ಎಂದರು. ಅದೇ ಕಾಲದಲ್ಲಿ ಪೆರಿಯಾರ್ ಇದನ್ನು ಹೆಣ್ಣಿನ ಬಿಡುಗಡೆಯ ಪ್ರಶ್ನೆಯಾಗಿ ಎತ್ತಿದರು. 1938ರಲ್ಲಿ ಅಂಬೇಡ್ಕರ್ ಅವರ ಪಕ್ಷದ ಕಡೆಯಿಂದ ಬೊಂಬಾಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ನಿರ್ಣಯ ಮಂಡನೆಯಾಯಿತು, ಸೋತಿತು. ಬೇಡವೆನ್ನುವ ಶಕ್ತಿ ಎಲ್ಲ ಹೆಂಡತಿಯರಿಗೂ ಇದೆ ಎಂದುಕೊಂಡು ನೀತಿ ಕಟ್ಟಲು ಆಗುವುದಿಲ್ಲ. ಈ ವಾದದಲ್ಲಿ ನಮ್ಮ ಮನಸ್ಸು ಸ್ಯಾಂಗರ್, ಪೆರಿಯಾರ್, ಅಂಬೇಡ್ಕರ್ ಕಡೆಗೇ ಇದೆ.

ಛಾಯಾಕ್ಕೇ ಸಂಬಂಧಿಸಿದ ತಕರಾರು ಬೇರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೇಲೆ ಹೇಳಿದಂತೆ ಈ ಮಾತ್ರೆ ಅಂಡ ಬಿಡುಗಡೆಯನ್ನು ತಡೆಯುವುದಿಲ್ಲ, ಫಲಿತಗೊಂಡ ಅಂಡ ಅಂಟದಂತೆ ಮಾಡುತ್ತದೆ. ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆಯೇ ಗರ್ಭಧಾರಣೆ ಎಂಬುದು ವೈದ್ಯಶಾಸ್ತ್ರದ ಲೆಕ್ಕ, ಹಾಗಾಗಿ ವೈದ್ಯರ ಕಣ್ಣಲ್ಲಿ ಇದು ಗರ್ಭಪಾತವಲ್ಲ. ಆದರೆ ಅಂಡ ಫಲಿತವಾದ ಕ್ಷಣದಿಂದಲೇ ಜೀವ ಎಂದು ನಂಬುವವರಿದ್ದಾರೆ. ಕ್ಯಾಥೊಲಿಕ್ ಚರ್ಚು 1968ರಲ್ಲಿ ಪೋಪ್ ಆರನೇ ಪಾಲ್ ಅವರ ಪತ್ರದ ಮೂಲಕ ಎಲ್ಲ ಕೃತಕ ವಿಧಾನಗಳಿಗೂ ಬೇಡವೆಂದಿತು. ಆ ನಿಯಮ ಅಷ್ಟಾಗಿ ಪಾಲಿಸದ ಕ್ಯಾಥೊಲಿಕರಿಗೂ ಅಂಟದಂತೆ ಮಾಡುವ ಮಾತ್ರೆ ಎಂದರೆ ಮನಸ್ಸು ಅಳುಕಬಹುದು. ಮಂಗಳೂರು, ಉಡುಪಿಯ ಕಡೆ ಕೆಲಸ ಮಾಡುವ ಸಿಬ್ಬಂದಿ ಇದನ್ನು ಮುಚ್ಚಿಡದೆ ಹೇಳಬೇಕು. ಈ ಮಾತ್ರೆ ಹೀಗೆ ಕೆಲಸ ಮಾಡುತ್ತದೆ, ನಿಮಗೆ ಒಗ್ಗದಿದ್ದರೆ ನಿರೋಧ್ ಇದೆ ಎಂದರೆ ಸಾಕು. ನಂಬಿಕೆ ಯಾರದೇ ಇರಲಿ, ತಾನು ನುಂಗುವುದು ಏನು ಮಾಡುತ್ತದೆ ಎಂದು ತಿಳಿಯುವ ಹಕ್ಕು ನುಂಗುವವಳಿಗೆ ಇದೆ.

ಹಾಗೆ ತಿಳಿಸದೆ ಮಾಡಿದ ಕೆಲಸಗಳ ಕಥೆ ನಮ್ಮ ದೇಶದಲ್ಲಿ ಉದ್ದವಾಗಿದೆ. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರು, ಅವರಲ್ಲಿ ಹೆಚ್ಚಿನವರು ಗಂಡಸರು. ಜನ ಸಿಟ್ಟಿಗೆದ್ದರು, ಸರ್ಕಾರ ಬಿತ್ತು. ಆಮೇಲೆ ಯಾವ ಸರ್ಕಾರವೂ ಗಂಡಸರ ಮೈ ಮುಟ್ಟಲು ಧೈರ್ಯ ಮಾಡಲಿಲ್ಲ, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 1980ರ ದಶಕದಲ್ಲಿ ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ನೆಟ್-ಎನ್ ಎಂಬ ಗರ್ಭನಿರೋಧಕ ಚುಚ್ಚುಮದ್ದಿನ ಪ್ರಯೋಗಕ್ಕೆ ಹೆಂಗಸರನ್ನು ಸರಿಯಾದ ಮಾಹಿತಿ ಕೊಡದೆ ಸೇರಿಸುತ್ತಿದ್ದಾರೆಂದು ಸ್ತ್ರೀ ಶಕ್ತಿ ಸಂಘಟನೆ ಮತ್ತು ಇತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರದಲ್ಲಿ ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ನಡೆಯಿತು, ಹತ್ತಕ್ಕೂ ಹೆಚ್ಚು ಜನ ಸತ್ತರು. ಎರಡು ವರ್ಷದ ಮೇಲೆ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದಿತು.

ಕರ್ನಾಟಕದ ಸ್ಥಿತಿ ನೋಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ನಡುವಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಆದವರು. ಇಡೀ ದೇಶದಲ್ಲಿ ಈ ಪ್ರಮಾಣ ನೂರಕ್ಕೆ 38ರ ಆಸುಪಾಸು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಬೇಗ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಎರಡನೇ ಹೆರಿಗೆಯ ಹಾಸಿಗೆಯಲ್ಲೇ ಆಪರೇಷನ್. ಇದೇ ದಾರಿ ಎಂದು ಅತ್ತೆಯಿಂದ ಹಿಡಿದು ಆಸ್ಪತ್ರೆಯವರೆಗೆ ಎಲ್ಲರೂ ನಂಬಿದ್ದಾರೆ. ಮೊದಲನೇ ಮಗುವಿಗೂ ಎರಡನೆಯದಕ್ಕೂ ಮೂರು ವರ್ಷ ಅಂತರ ಇಟ್ಟುಕೊಳ್ಳಲು, ಇಪ್ಪತ್ತರ ಹರೆಯದಲ್ಲೇ ಹೊಟ್ಟೆ ಕೊಯ್ಯಿಸಿಕೊಳ್ಳದಿರಲು ಛಾಯಾ ಒಂದು ನಿಜವಾದ ಆಯ್ಕೆ. ಆದರೆ ಆಪರೇಷನ್ ಮಾಡಿಸಿಕೊಂಡರೆ ದುಡ್ಡು, ಮಾಡಿಸಿದವರಿಗೂ ದುಡ್ಡು ಇರುವ ವ್ಯವಸ್ಥೆಯಲ್ಲಿ ವಾರಕ್ಕೊಂದು ಮಾತ್ರೆಯ ಪರವಾಗಿ ಇಪ್ಪತ್ತು ನಿಮಿಷ ಕೂತು ಮಾತಾಡುವವರು ಯಾರು?

ಇನ್ನೊಂದು ಕೊರತೆ ಮದುವೆಯಾಗದವರದ್ದು. ಸರ್ಕಾರದ ಇಡೀ ಏರ್ಪಾಡು ಅರ್ಹ ದಂಪತಿಗಳ, ಎಂದರೆ ಹೆರುವ ವಯಸ್ಸಿನ ವಿವಾಹಿತರ, ರಿಜಿಸ್ಟರ್ ಮೇಲೆ ನಿಂತಿದೆ. ಮದುವೆಯಾಗದ ಹೆಣ್ಣಿಗೆ ಕೊಡಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ, ಆದರೂ ಕೌಂಟರಿನಲ್ಲಿ ಮೊದಲ ಪ್ರಶ್ನೆ "ಯಜಮಾನರ ಹೆಸರು?" ಆ ಪ್ರಶ್ನೆ ಕೇಳಿ ವಾಪಸ್ ಹೋದವಳು ಮುಂದೆ ತುರ್ತು ಮಾತ್ರೆಗೋ ಗರ್ಭಪಾತಕ್ಕೋ ಅಲೆಯುತ್ತಾಳೆ. ಅಂಥವರು ಮೆಡಿಕಲ್ ಶಾಪಿನಲ್ಲಿ ಸಹೇಲಿ ಕೊಳ್ಳಬಹುದು, ಬೆಲೆ ದುಬಾರಿಯಲ್ಲ. ಕೊಳ್ಳುವ ಮುಂಚೆ ಪಿಸಿಒಎಸ್, ಕಾಮಾಲೆಯ ಪ್ರಶ್ನೆಗಳನ್ನು ವೈದ್ಯರ ಹತ್ತಿರ ಒಮ್ಮೆ ಮಾತಾಡಿಕೊಳ್ಳಿ.

ಮಗು ಬೇಕೆನಿಸಿದಾಗ ಮಾತ್ರೆ ನಿಲ್ಲಿಸಿದರಾಯಿತು, ತೆಗೆಸಬೇಕಾದ್ದು ಏನೂ ಇಲ್ಲ. ಔಷಧ ಮೈಯಿಂದ ನಿಧಾನವಾಗಿ ಇಳಿಯುವುದರಿಂದ ನಿಲ್ಲಿಸಿದ ಮರುವಾರವೇ ಗರ್ಭ ನಿಲ್ಲುತ್ತದೆಂದು ಎದುರು ನೋಡಬೇಡಿ, ಸಾಮಾನ್ಯವಾಗಿ ಆರು ತಿಂಗಳೊಳಗೆ ಫಲವತ್ತತೆ ಮರಳುತ್ತದೆ. ನಿಲ್ಲಿಸಿದ ದಿನದಿಂದಲೇ ಫೋಲಿಕ್ ಆಸಿಡ್ ಶುರು ಮಾಡಿ, ಅದು ಅದೇ ಉಪಕೇಂದ್ರದಲ್ಲಿ ಸಿಗುತ್ತದೆ. ಮಾತ್ರೆ ನಿಲ್ಲಿಸಿ ಬೇರೆ ವಿಧಾನಕ್ಕೆ ಹೋಗುವವರು ಮಾತ್ರ ನಡುವೆ ಒಂದು ದಿನವೂ ಖಾಲಿ ಬಿಡದೆ, ವಂಕಿಗೋ ಚುಚ್ಚುಮದ್ದಿಗೋ ದಿನ ಗೊತ್ತಾದ ಮೇಲೆ ಪಟ್ಟಿ ಬಿಡಬೇಕು.